60 ಡಿಗ್ರಿ ಹಲಗೆಯ ಮೇಲೆ ಚೀಲ ತಳ್ಳಲು ನೇರವಾಗಿ ಎತ್ತುವುದಕ್ಕಿಂತ ಹೆಚ್ಚು ಬಲ ಬೇಕೆ?

ಪ್ರಶ್ನೆ: ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಇಲ್ಲಿನ ಗಂಜಿನಲ್ಲಿ (ಧಾನ್ಯದ ಸಗಟು ಮಾರುಕಟ್ಟೆ) ಹಮಾಲಿ ಕೆಲಸ ಮಾಡುತ್ತಾರೆ. ತೊಗರಿ ಚೀಲಗಳನ್ನು ಲಾರಿಗೆ ಏರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದರಿಂದ, ಓರೆ ಸಮತಲದ ಪಾಠ ಓದುವಾಗ ಅದನ್ನೇ ಲೆಕ್ಕವಾಗಿಸಿಕೊಂಡೆ. ಚೀಲ 50 ಕೆ.ಜಿ., ಅಂದರೆ ತೂಕ 490 ನ್ಯೂಟನ್. ಚೀಲಕ್ಕೂ ಹಲಗೆಗೂ ನಡುವಿನ ಘರ್ಷಣಾ ಗುಣಾಂಕ 0.4 ಎಂದು, ಅಂದರೆ ಚೀಲ ಹಲಗೆಯನ್ನು ಒತ್ತುವ ಬಲದ 0.4 ಪಾಲು ಘರ್ಷಣೆಯಾಗುತ್ತದೆ ಎಂದು ಊಹಿಸಿದ್ದೇನೆ. ಹಲಗೆ 30 ಡಿಗ್ರಿ ಓರೆಯಾಗಿದ್ದರೆ, ಸಮವೇಗದಲ್ಲಿ ಮೇಲೆ ತಳ್ಳಲು, ಹಲಗೆಯ ಗುಂಟ ಕೆಳಗೆಳೆಯುವ ತೂಕದ ಪಾಲು 245 ಮತ್ತು ಘರ್ಷಣೆ 170 ಸೇರಿ 415 ನ್ಯೂಟನ್ ಬೇಕು. ಅದೇ 60 ಡಿಗ್ರಿಗೆ 424 ಮತ್ತು 98 ಸೇರಿ 522 ಬರುತ್ತದೆ. ನೇರವಾಗಿ ಎತ್ತಲು 490 ಸಾಕಾಗುವಾಗ ಹಲಗೆ ಇಟ್ಟರೆ ಹೆಚ್ಚು ಬೇಕಾಗುವುದು ಹೇಗೆ? ನಾನು ಎಲ್ಲಿ ತಪ್ಪಿದ್ದೇನೆ? ಇನ್ನೊಂದು ಸಂಶಯ: ತಳ್ಳುವುದನ್ನು ನಿಲ್ಲಿಸಿದ ಮೇಲೆ ಘರ್ಷಣೆ ಯಾವ ದಿಕ್ಕಿಗೆ ಇರುತ್ತದೆ?

ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಬೀದರ್

ತಂಗಿ, ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ಉತ್ತರ ವಿಚಿತ್ರವೆನಿಸಿದರೂ ಅದನ್ನು ಅಳಿಸದೆ ಇಲ್ಲಿಗೆ ತಂದು ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಹಲಗೆ ತೂಕದ ಒಂದು ಪಾಲನ್ನು ಹೊರುತ್ತದೆ ನಿಜ, ಆದರೆ ಹೊತ್ತ ಪಾಲಿಗೆ ತಕ್ಕಂತೆ ಘರ್ಷಣೆಯನ್ನೂ ಒಡ್ಡುತ್ತದೆ. ಹಲಗೆ ಕಡಿದಾದಷ್ಟೂ ಬಲದ ಉಳಿತಾಯ ಕುಗ್ಗುತ್ತಾ ಹೋಗಿ, ಒಂದು ಕೋನದ ನಂತರ ಘರ್ಷಣೆಯೇ ಅದನ್ನು ಮೀರುತ್ತದೆ. ಆ ಕೋನವನ್ನು ಕಂಡುಕೊಳ್ಳುವುದು ಸುಲಭ. ಟ್ಯಾಂಜೆಂಟ್ 0.4 ಆಗುವ ಕೋನ 21.8 ಡಿಗ್ರಿ, ಇದಕ್ಕೆ ಘರ್ಷಣಾ ಕೋನ ಎನ್ನುತ್ತೇವೆ. ಇದರ ಎರಡರಷ್ಟನ್ನು 90ರಿಂದ ಕಳೆದರೆ 46.4 ಡಿಗ್ರಿ ಬರುತ್ತದೆ. ಹಲಗೆಯ ಓರೆ ಅದಕ್ಕಿಂತ ಹೆಚ್ಚಿದ್ದರೆ ತಳ್ಳುವುದಕ್ಕಿಂತ ಎತ್ತುವುದಕ್ಕೇ ಕಡಿಮೆ ಬಲ ಸಾಕು.

ದಿಕ್ಕಿನ ವಿಷಯದಲ್ಲಿ ಅನೇಕ ವಿದ್ಯಾರ್ಥಿಗಳು ಎಡವುತ್ತಾರೆ. ಚೀಲ ಮೇಲೇರುವಾಗ ಘರ್ಷಣೆ ಕೆಳಮುಖವಾಗಿರುತ್ತದೆ. ಕೈಬಿಟ್ಟಾಗ ಚೀಲ ಕೆಳಗೆ ಜಾರಲು ನೋಡುವುದರಿಂದ ಘರ್ಷಣೆ ಮೇಲ್ಮುಖವಾಗುತ್ತದೆ. 30 ಡಿಗ್ರಿಯಲ್ಲಿ 170 ನ್ಯೂಟನ್ ಘರ್ಷಣೆ 245ನ್ನು ತಡೆಯಲಾರದು, ಚೀಲ ಸುಮಾರು 1.5 ಮೀ/ಸೆ² ವೇಗೋತ್ಕರ್ಷದಿಂದ ಕೆಳಗೆ ಬರುತ್ತದೆ. ಹಲಗೆ 15 ಡಿಗ್ರಿ ಇದ್ದರೆ ಚೀಲ ನಿಲ್ಲುತ್ತದೆ. ಆಗ ಘರ್ಷಣೆ ಗರಿಷ್ಠ ಮೌಲ್ಯ ತಲುಪದೆ, ತಡೆಯಲು ಬೇಕಾದ 127 ನ್ಯೂಟನ್ನಿನಷ್ಟೇ ಇರುತ್ತದೆ. ನಿಂತ ವಸ್ತುವಿಗೂ ಗುಣಾಂಕದಿಂದ ಗುಣಿಸಿಬಿಡುವುದು ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು.

ಉತ್ತರ: ಮೆಕ್ಯಾನಿಕಲ್ ಎಂಜಿನಿಯರ್, ಯಾದಗಿರಿ

ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನೇರವಾಗಿ ಎತ್ತಲು 490 ನ್ಯೂಟನ್ ಸಾಕೆಂಬುದು ಸಮವೇಗಕ್ಕೆ ಮಾತ್ರ ಸರಿ. ರಾಟೆಗೆ ಹಗ್ಗ ಹಾಕಿ ಚೀಲವನ್ನು 1 ಮೀ/ಸೆ² ವೇಗೋತ್ಕರ್ಷದಿಂದ ಮೇಲಕ್ಕೆಳೆದರೆ ಹಗ್ಗದ ಎಳೆತ 540 ನ್ಯೂಟನ್ ಆಗುತ್ತದೆ, ಅಷ್ಟೇ ವೇಗೋತ್ಕರ್ಷದಿಂದ ಕೆಳಗಿಳಿಸಿದರೆ 440. ಬಾವಿಯಿಂದ ಕೊಡವನ್ನು ಜಗ್ಗನೆ ಎಳೆದಾಗ ಹಳೆಯ ಹಗ್ಗ ಹರಿಯುವುದು ಇದೇ ಕಾರಣಕ್ಕೆ.

ಎರಡನೆಯದಾಗಿ, ನೀವು ಹಲಗೆಗೆ ಸಮಾಂತರವಾಗಿ ತಳ್ಳುವುದನ್ನು ಲೆಕ್ಕ ಹಾಕಿದ್ದೀರಿ. ನೆಲಕ್ಕೆ ಸಮಾಂತರವಾಗಿ ತಳ್ಳಿದರೆ ಆ ಬಲದ ಒಂದು ಪಾಲು ಚೀಲವನ್ನು ಹಲಗೆಗೇ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ. 30 ಡಿಗ್ರಿಗೇ 623 ನ್ಯೂಟನ್ ಬೇಕಾಗುತ್ತದೆ. ಬಗ್ಗಿ ತಳ್ಳುವವರು ಇದನ್ನು ಲೆಕ್ಕವಿಲ್ಲದೆಯೇ ಬಲ್ಲರು.

ಗುಣಾಂಕವನ್ನು ಊಹಿಸುವ ಬದಲು ಅಳೆದು ನೋಡಿ. ಶಹಾಬಾದ್ ಫರಸಿ ಕಲ್ಲಿನ ತುಂಡಿಗೆ ಗೋಣಿತಟ್ಟು ಸುತ್ತಿ ಹಲಗೆಯ ಮೇಲಿಟ್ಟು, ಹಲಗೆಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಜಾರಲು ಶುರುವಾಗುವ ಕೋನದ ಟ್ಯಾಂಜೆಂಟೇ ಸ್ಥಿತ ಘರ್ಷಣೆಯ (ನಿಂತ ವಸ್ತುವನ್ನು ತಡೆಯುವ ಘರ್ಷಣೆಯ) ಗುಣಾಂಕ. ಅದು ತೂಕವನ್ನು ಅವಲಂಬಿಸದ ಕಾರಣ 50 ಕೆ.ಜಿ. ಚೀಲವೇ ಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದಗಳು. ತಂದೆಯವರ ಹಲಗೆಯ ಮೇಲೆಯೇ ನಾಲ್ಕು ಸಲ ಮಾಡಿ ನೋಡಿದೆ. ಕಲ್ಲು 23ರಿಂದ 25 ಡಿಗ್ರಿಯ ನಡುವೆ ಜಾರಿತು, ಅಂದರೆ ಗುಣಾಂಕ 0.42ರಿಂದ 0.47. ಆ ಹಲಗೆಯ ಉದ್ದ 3 ಮೀಟರ್, ಲಾರಿಯ ತಳದ ಎತ್ತರ 1.2 ಮೀಟರ್, ಹಾಗಾಗಿ ಓರೆ 23.6 ಡಿಗ್ರಿ. ನಡುವೆ ಕೈಬಿಟ್ಟ ಚೀಲ ಕೆಲವು ಸಲ ನಿಲ್ಲುತ್ತದೆ, ಕೆಲವು ಸಲ ಜಾರುತ್ತದೆ ಎಂದು ತಂದೆಯವರು ಹೇಳುತ್ತಿದ್ದುದು ಏಕೆಂದು ಈಗ ತಿಳಿಯಿತು. ಇದಕ್ಕಿಂತ ಅರ್ಧ ಮೀಟರ್ ಹೆಚ್ಚು ಉದ್ದದ ಹಲಗೆ ತಂದರೆ ಓರೆ 20 ಡಿಗ್ರಿಗೆ ಇಳಿಯುತ್ತದೆ ಎಂದು ಅವರಿಗೆ ಹೇಳಿದ್ದೇನೆ.