ಸಹಾಯ ಬೇಕು: ನಿಕಲ್ ಕ್ಯಾಟಲಿಸ್ಟ್ ತಾನಾಗಿ ಬದಲಾಗುತ್ತಿದೆಯಾ, ಕಬ್ಬಿಣ ಸೇರುತ್ತಿದೆಯಾ?

ನಮಸ್ಕಾರ. ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಆಕ್ಸಿಜನ್ ಬರುವ ಕಡೆ ನಿಕಲ್ ಫೋಮ್ (ಸ್ಪಂಜಿನ ಹಾಗೆ ರಂಧ್ರಗಳಿರುವ ನಿಕಲ್), ಅದರ ಮೇಲೆ ಕ್ಯಾಟಲಿಸ್ಟ್ ಆಗಿ, ಅಂದರೆ ಕ್ರಿಯೆಯನ್ನು ಚುರುಕು ಮಾಡಲು, ನಿಕಲ್ ಹೈಡ್ರಾಕ್ಸೈಡ್ ಪದರ. ದ್ರಾವಣ 1 ಮೋಲಾರ್ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್).

ವೋಲ್ಟೇಜ್ ಏರಿಸಿ ಇಳಿಸುವ ಸೈಕಲ್ ಓಡಿಸಿದಷ್ಟೂ ಕ್ಯಾಟಲಿಸ್ಟ್ ಚುರುಕಾಗುತ್ತಿದೆ. ಅಷ್ಟೇ ಕರೆಂಟಿಗೆ ಕಡಿಮೆ ವೋಲ್ಟೇಜ್ ಸಾಕು. ಆದರೆ ನಿಕಲ್ ಆಕ್ಸಿಡೇಷನ್ ಪೀಕ್ (ನಿಕಲ್ ಆಕ್ಸಿಡೈಸ್ ಆಗುವಾಗ ಕರೆಂಟಿನ ಗ್ರಾಫಿನಲ್ಲಿ ಕಾಣುವ ಉಬ್ಬು) ನಿಧಾನಕ್ಕೆ ಜಾಸ್ತಿ ವೋಲ್ಟೇಜಿನ ಕಡೆ ಸರಿಯುತ್ತಿದೆ. ದ್ರಾವಣದಲ್ಲಿರುವ ಚೂರು ಕಬ್ಬಿಣವೂ ನಿಕಲ್ ಮೇಲೆ ಆಕ್ಸಿಜನ್ ಬರುವುದನ್ನು ಜೋರು ಮಾಡುತ್ತದೆ ಎಂದು ಕೊರಿಗನ್ 1987ರಲ್ಲೇ ತೋರಿಸಿದ್ದಾರೆ.

ಗಾಜಿನಿಂದಲೂ ಕಬ್ಬಿಣ ದ್ರಾವಣಕ್ಕೆ ಸೇರಬಹುದು, ಅದಕ್ಕೇ ಗಾಜಿನ ಸೆಲ್ ಬಿಟ್ಟು ಪ್ಲಾಸ್ಟಿಕ್ ಸೆಲ್ ಬಳಸಿದೆ. ಕೆಒಎಚ್‌ಗೆ ನಿಕಲ್ ಹೈಡ್ರಾಕ್ಸೈಡ್ ಹಾಕಿ ಕಲಕಿ, ಕಬ್ಬಿಣ ಹೀರಿಸಿ, ಮೇಲಿನ ತಿಳಿ ತೆಗೆದುಕೊಂಡೆ. ಕ್ಯಾಟಲಿಸ್ಟ್ ಚುರುಕಾಗುವುದು ತಗ್ಗಿತು, ಪೂರ್ತಿ ನಿಲ್ಲಲಿಲ್ಲ.

ಗೊಂದಲ ಇಲ್ಲೇ. ಇದು ಉಳಿದ ಕಬ್ಬಿಣದ ಕೆಲಸವಾ, ಇಲ್ಲ ಫೋಮ್ ಆಕ್ಸಿಡೈಸ್ ಆಗಿ ಪದರವೇ ದಪ್ಪವಾಗುತ್ತಿದೆಯಾ? ಕೆಲಸ ಮಾಡುವ ಮೇಲ್ಮೈ ಹೆಚ್ಚಿದೆಯಾ ಎಂದು ನೋಡಲು ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಅಳೆಯೋಣ ಅಂದರೆ, ಕಡಿಮೆ ವೋಲ್ಟೇಜಿನಲ್ಲಿ ಈ ಪದರ ಕರೆಂಟನ್ನೇ ಸರಿಯಾಗಿ ಹರಿಸುವುದಿಲ್ಲ. ಆ ಅಂಕಿ ನಂಬುವುದು ಕಷ್ಟ. ಆಸಿಡ್‌ನಲ್ಲಿ ಕರಗಿಸಿ ಐಸಿಪಿ-ಎಂಎಸ್ (ಚೂರು ಪ್ರಮಾಣದ ಲೋಹವನ್ನೂ ಅಳೆಯುವ ಪರೀಕ್ಷೆ) ಮಾಡಿಸಿದರೆ ಫೋಮೂ ಕರಗುತ್ತದೆ ಅಲ್ವಾ?

ಈ ಕೆಲಸ ಮಾಡಿದವರು ಹೇಳಿ: ಫೋಮ್ ಬದಲು ಚಿನ್ನದ ಹಾಳೆ ಮೇಲೆ ಪದರ ಹಾಕಿ ಕಬ್ಬಿಣ ಅಳೆದರೆ ಈ ಎರಡು ಕಾರಣಗಳನ್ನು ಬೇರ್ಪಡಿಸಬಹುದಾ? ಸಾಲದಿದ್ದರೆ ಜೊತೆಗೆ ಯಾವ ಪರೀಕ್ಷೆ ಬೇಕು?