ಫೀಸು ಕೊಡ್ತೀವಿ, ಸಂಬಳ ಅಲ್ಲ ಅಂದ್ರೆ ಹೆರಿಗೆ ರಜೆ ಇಲ್ವಾ?

ಮೂಳೆ ಡಾಕ್ಟ್ರು, ದಾವಣಗೆರೆ
ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರ್ಥೋ ಸರ್ಜನ್ ಆಗಿದ್ದೇನೆ. ಈಗ ನನಗೆ ಐದು ತಿಂಗಳು. ಹೈವೇ ಆಕ್ಸಿಡೆಂಟ್ ಕೇಸು ಬರೋದೇ ರಾತ್ರಿ. ತೊಡೆಮೂಳೆಗೆ ರಾಡ್ ಹಾಕಬೇಕಾದರೆ ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಸಿ-ಆರ್ಮ್ ಯಂತ್ರ ಬೇಕೇ ಬೇಕು. ಅದರ ವಿಕಿರಣ ತಡೆಯುವ ಲೆಡ್ (ಸೀಸದ) ಏಪ್ರನ್ನಿನ ಪಟ್ಟಿ ಈಗ ಹೊಟ್ಟೆ ಸುತ್ತ ಬರುತ್ತಿಲ್ಲ, ಸಿಸ್ಟರ್ ಪ್ಲಾಸ್ಟರ್ ಸುತ್ತಿ ನಿಲ್ಲಿಸುತ್ತಾರೆ.

ರಜೆ ಕೇಳಿದರೆ ಆಡಳಿತದವರು, 'ನೀವು ಕನ್ಸಲ್ಟೆಂಟು ಮೇಡಂ, ಫೀಸಿಗೆ ಬರೋರು, ನೌಕರರಲ್ಲ. ಎಷ್ಟು ದಿನ ಬೇಕಾದ್ರೂ ಮನೇಲಿರಿ, ದುಡ್ಡು ಮಾತ್ರ ಬರಲ್ಲ' ಅಂದರು. ಇದೇ ಆಸ್ಪತ್ರೆಯ ಸ್ಟಾಫ್ ನರ್ಸಿಗೆ 26 ವಾರ ಸಂಬಳದ ರಜೆ ಸಿಕ್ಕಿದೆ. ಸಿಗಬೇಕಾದ್ದೇ. ಆದರೆ ನನಗೂ ಹಾಜರಿ ಇದೆ, ಡ್ಯೂಟಿ ಪಟ್ಟಿ ಇದೆ, ಬೇರೆ ಕಡೆ ಆಪರೇಷನ್ ಮಾಡುವ ಹಾಗಿಲ್ಲ. ಇದ್ಯಾವ ಸೀಮೆ ಕನ್ಸಲ್ಟೆಂಟು?

ಹೆರಿಗೆ ಡಾಕ್ಟ್ರು, ಚಿತ್ರದುರ್ಗ
ನೋಡಮ್ಮ, ರಜೆ ಮಾತು ಆಮೇಲೆ. ಮೊದಲು ಗರ್ಭಿಣಿ ಅಂತ ಆಸ್ಪತ್ರೆಗೆ ಬರೆದು ಕೊಡು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತಿಳಿಸಿದ ಮೇಲೆ ಹೆರಿಗೆವರೆಗೆ ಹೊಟ್ಟೆಯಲ್ಲಿರುವ ಮಗುವಿಗೆ ತಾಗುವ ವಿಕಿರಣ 1 ಮಿಲಿಸೀವರ್ಟ್ ದಾಟಬಾರದು ಅಂತ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಮಿತಿ ಇದೆ. ಏಪ್ರನ್ ಒಳಗೆ, ಹೊಟ್ಟೆ ಹತ್ತಿರ ವಿಕಿರಣ ಅಳೆಯುವ ಇನ್ನೊಂದು ಬ್ಯಾಡ್ಜ್ ಕೇಳಿ ಹಾಕಿಕೋ. ಪ್ಲಾಸ್ಟರ್ ಸುತ್ತೋದು ಬಿಡು, ಮೇಲಂಗಿ-ಲಂಗದ ಹಾಗೆ ಎರಡು ಭಾಗದ ಏಪ್ರನ್ ತರಿಸಲಿ.

ಸರ್ಕಾರಿ ನೌಕರಿಯಲ್ಲಿ ನಮಗೆ 180 ದಿನ ಇದೆ. ಬದಲಿಗೆ ಡಾಕ್ಟ್ರನ್ನು ಮಾತ್ರ ಯಾರೂ ಕೊಡಲ್ಲ, ಉಳಿದವರ ತಲೆಗೇ ಬೀಳುತ್ತೆ.

ಹರಿಹರದವನು
ಓದೋಕೆ ಸರ್ಜರಿ ತಗೊಳ್ಳೋವಾಗಲೇ ಯೋಚನೆ ಮಾಡಬೇಕಿತ್ತು.

ಮೂಳೆ ಡಾಕ್ಟ್ರು, ದಾವಣಗೆರೆ
ಮಾಡಿದ್ದೆ ಸಾರ್. ಮದುವೆಯಾಗೋವಾಗ ನನ್ನ ಗಂಡನೂ ಸರ್ಜನ್ನೇ. ಅವರನ್ನು ಯಾರೂ ಕೇಳಲಿಲ್ಲ.

ವಕೀಲರ ಮನೆಯವನು
ಮೇಡಂ, ನಿಮಗೆ ಸಂಬಳದಲ್ಲಿ ತೆರಿಗೆ ಹಿಡಿದದ್ದಕ್ಕೆ ಕೊಡುವ ಫಾರಂ 16 ಬರುತ್ತಾ, ಫೀಸಿನಂಥ ಬೇರೆ ಹಣದಲ್ಲಿ ಹಿಡಿದದ್ದಕ್ಕೆ ಕೊಡುವ 16ಎ ಬರುತ್ತಾ? 16ಎ ಆದರೆ ಫೀಸು ಅಂತಲೇ ವಾದ ಮಾಡುತ್ತಾರೆ. ಆದರೆ ಅದೊಂದರಿಂದಲೇ ತೀರ್ಮಾನ ಆಗಲ್ಲ. ಯಾರ ಹಿಡಿತದಲ್ಲಿ ಕೆಲಸ ಮಾಡ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. 2023ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಡಾ. ಕವಿತಾ ಯಾದವ್ ಪ್ರಕರಣದಲ್ಲಿ, ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಅಂದಿತು. ಅವರದು ನೌಕರಿಯ ಗುತ್ತಿಗೆ, ನಿಮ್ಮದಕ್ಕೆ ಸೀದಾ ಕೂರಲ್ಲ. ಆದರೂ ಪತ್ರದಲ್ಲಿ ಬರೆಯಿರಿ. ಡ್ಯೂಟಿ ಪಟ್ಟಿ, ಹಾಜರಿಯ ಫೋಟೋ ಇಟ್ಟುಕೊಳ್ಳಿ.

ಮೂಳೆ ಡಾಕ್ಟ್ರು, ದಾವಣಗೆರೆ
16ಎ ಬರುತ್ತೆ ಅಣ್ಣಾ. ಫೋಟೋ ತೆಗೆದಿದ್ದೇನೆ. ಸೋಮವಾರ ಎರಡು ಪತ್ರ ಕೊಡ್ತೀನಿ: ವಿಕಿರಣದ್ದು ಒಂದು, ರಜೆಯದ್ದು ಒಂದು. ಎರಡಕ್ಕೂ ಸೀಲ್ ಹಾಕಿಸಿಕೊಂಡೇ ಬರೋದು.