ಕಬಿನಿಯ ಆನೆಗಳನ್ನು ನೋಡಲು ಯಾವ ವಾರ ಹೋಗಬೇಕು?

ಪ್ರಶ್ನೆ: ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಈ ಬೇಸಿಗೆಯಲ್ಲಿ ಆನೆ ಹಿಂಡು ನೋಡಲು ಕಬಿನಿಗೆ ಹೋಗಬೇಕೆಂದಿದ್ದೇವೆ. ಕೈಯಲ್ಲಿರುವುದು ಎರಡೇ ದಿನ. ಯಾವ ವಾರ ಹೋದರೆ ಖಂಡಿತ ಕಾಣಸಿಗುತ್ತವೆ? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಇಂಥದೇ ವಾರವೆಂದು ಹೇಳಲು ಬರುವುದಿಲ್ಲ. ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವೆ ಹರಡಿರುವ ಹಿನ್ನೀರು ಬೇಸಿಗೆಯಲ್ಲಿ ಇಳಿದಂತೆಲ್ಲ ಬಯಲಾಗುವ ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಕಾಡಿನೊಳಗಿನ ಕೆರೆಕಟ್ಟೆಗಳು ಬತ್ತಿರುವ ಆ ಹೊತ್ತಿನಲ್ಲಿ ಮೇವೂ ನೀರೂ ಒಂದೇ ಕಡೆ ಸಿಗುವುದರಿಂದ ಆನೆಗಳು ಅಲ್ಲಿಗೆ ಇಳಿದು ಬರುತ್ತವೆ. ಸಾಮಾನ್ಯವಾಗಿ ಇದು ಮಾರ್ಚ್‌ನಿಂದ ಮೇ ತಿಂಗಳವರೆಗಿನ ಮಾತು. ಆದರೆ ನಾವು ಏಪ್ರಿಲ್ ಕೊನೆಯಲ್ಲಿ ಹೋದಾಗ ಹಿಂದಿನ ಎರಡು ರಾತ್ರಿ ಜೋರು ಮಳೆ ಬಿದ್ದು ಕಾಡಿನ ಹಳ್ಳಗುಂಡಿಗಳಲ್ಲೆಲ್ಲ ನೀರು ನಿಂತಿತ್ತು. ಹಿನ್ನೀರಿನ ದಡದಲ್ಲಿ ಕಂಡದ್ದು ಒಂದು ಒಂಟಿಸಲಗ ಮಾತ್ರ. ಅದು ಮುಂಗಾಲಿನ ಉಗುರಿನಿಂದ ಗಿಡ್ಡ ಹುಲ್ಲನ್ನು ಕೆರೆದು ಸಡಿಲಿಸಿ, ಸೊಂಡಿಲಿನಿಂದ ಗುಡ್ಡೆ ಮಾಡಿ, ಕಾಲಿಗೆ ಬಡಿದು ಮಣ್ಣು ಉದುರಿಸಿಕೊಂಡು ತಿನ್ನುತ್ತಿದ್ದುದನ್ನು ಅರ್ಧ ಗಂಟೆ ನೋಡಿದೆವು. (ನನ್ನ ತಾಯಿಯವರು ಸೊಪ್ಪು ಬಿಡಿಸುವುದೂ ಹೀಗೆಯೇ.) ಹಿಂಡು ಕಂಡದ್ದು ಮರುವರ್ಷ ಮಾರ್ಚ್ ಕೊನೆಯಲ್ಲಿ, ಅದೂ ಸಂಜೆಯ ಸಫಾರಿಯಲ್ಲಿ. ಹೊರಡುವ ಮುನ್ನ ಉಳಿದುಕೊಳ್ಳುವ ಕಡೆಗೆ ಫೋನ್ ಮಾಡಿ, ಮಳೆ ಬಿದ್ದಿದೆಯೇ, ಹಿನ್ನೀರು ಎಷ್ಟು ಇಳಿದಿದೆ ಎಂದು ಕೇಳಿಕೊಳ್ಳಿ.

ಉತ್ತರ 2: ಹಿರಿಯರಿಗೆ ಜೀಪಿನ ಕುಲುಕಾಟ ಆಗದಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೂ ಯೋಚಿಸಬಹುದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವುದರಿಂದ ಬೀದಿಯಲ್ಲಿ ನಿಂತೇ ನೋಡಬಹುದು. ಮರಿಗಳು ಹಾರಿಹೋದ ಮೇಲೆ ಹೋದರೆ ಮಾತ್ರ ಏನೂ ಇರುವುದಿಲ್ಲ. ರಂಗನತಿಟ್ಟಿಗೂ ಇಂಥದೇ ಕಟ್ಟುಪಾಡಿದೆ: ನಾವು ಮಳೆಗಾಲದಲ್ಲಿ ಹೋಗಿದ್ದಾಗ ಕೃಷ್ಣರಾಜಸಾಗರದಿಂದ ಕಾವೇರಿಗೆ ನೀರು ಬಿಟ್ಟಿದ್ದ ಕಾರಣ ದೋಣಿಗಳನ್ನೆಲ್ಲ ದಡಕ್ಕೆ ಕಟ್ಟಿಹಾಕಿದ್ದರು.

ಉತ್ತರ 3: ಎರಡು ದಿನವೆಂಬುದೇ ತೊಡಕು. ಒಡಿಶಾದ ಋಷಿಕುಲ್ಯಾ ನದೀಮುಖದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಸಾಮೂಹಿಕವಾಗಿ ಮೊಟ್ಟೆಯಿಡುವುದನ್ನು ನೋಡಲೆಂದು ಫೆಬ್ರವರಿಯಲ್ಲಿ ಹೋಗಿ ಮೂರು ರಾತ್ರಿ ಮರಳಿನ ಮೇಲೆ ಕಾದಿದ್ದೆವು, ಒಂದೂ ಬರಲಿಲ್ಲ. ಕೆಲವು ವರ್ಷ ಅವು ಗುಂಪಾಗಿ ಬರುವುದೇ ಇಲ್ಲವೆಂದು ಅಲ್ಲಿಯ ಮೀನುಗಾರರು ಆಮೇಲೆ ಹೇಳಿದರು. ನಿಮ್ಮ ಊರು ಕಬಿನಿಗೆ ಹತ್ತಿರವಿದ್ದರೆ ರಜೆಯನ್ನು ಎರಡು ಕಂತು ಮಾಡಿ, ಒಂದನ್ನು ಮಾರ್ಚ್‌ಗೂ ಇನ್ನೊಂದನ್ನು ಮೇ ತಿಂಗಳಿಗೂ ಇಟ್ಟುಕೊಳ್ಳಿ.